ಬೆರಳಿಗಿಂತ ಮೊದಲು ಉಸಿರು: ನಾಲ್ಕು ದೃಶ್ಯದ ಸ್ಯಾಕ್ಸ್ ವಾದಕನಿಗೆ ನಾನು ತಯಾರಾದ ಬಗೆ

ಕೈಗಳ ಕ್ಲೋಸಪ್‌ಗೆಂದು ನಿಜವಾದ ಸ್ಯಾಕ್ಸೊಫೋನ್ ವಾದಕರೊಬ್ಬರನ್ನು ಸಿನಿಮಾ ಸೆಟ್ಟಿಗೆ ಕರೆಸಿ ಕೂರಿಸಿದ್ದರು. ಎರಡನೇ ಟೇಕ್ ಆದಮೇಲೆ ಅವರ ಅಗತ್ಯವೇ ಬೀಳಲಿಲ್ಲ. ಪರದೆಯ ಮೇಲಿನ ಬೆರಳುಗಳೂ ನನ್ನವೇ. "ಆರು ವಾರದಲ್ಲಿ ಸ್ಯಾಕ್ಸೊಫೋನ್ ಬರುತ್ತೇನ್ರೀ?" ಎಂದವರ ಮಾತು ಸರಿಯೇ, ಖಂಡಿತ ಬರುವುದಿಲ್ಲ. ನನಗೆ ಬೇಕಾಗಿದ್ದದ್ದು 32 ಸೆಕೆಂಡು ಮಾತ್ರ.

ಚಿತ್ರ ಬ್ಯಾಂಡ್‌ಸೆಟ್ಟಿನವರ ಬದುಕಿನದು: ದಿಬ್ಬಣ, ಶವಯಾತ್ರೆ, ಕುಡಿತ, ಸಾಲ. ನನ್ನ ಪಾಲಿಗೆ ನಾಲ್ಕು ದೃಶ್ಯ, ಹತ್ತು ಹನ್ನೆರಡು ಸಾಲು ಮಾತು, ಆಲ್ಟೊ ಸ್ಯಾಕ್ಸ್‌ನ ಒಂದು ಸೋಲೊ, ಅಂದರೆ ಒಂಟಿ ನುಡಿಸಾಟ; ಸದ್ದು ಮೊದಲೇ ಮುದ್ರಿಸಿದ್ದು, ನಾನು ನುಡಿಸುವಂತೆ ಕಾಣಬೇಕು ಅಷ್ಟೆ. ನಿಮಿಷಕ್ಕೆ 90 ಬಡಿತದ ಹಾಡು; ಸೋಲೊ 48 ಬಡಿತ, ಅದೇ ಆ 32 ಸೆಕೆಂಡು. ಸೆಕೆಂಡಿಗೆ 24 ಫ್ರೇಮಿನಲ್ಲಿ ಒಂದು ಬಡಿತಕ್ಕೆ ಸರಿಯಾಗಿ 16 ಫ್ರೇಮು. ಲೆಕ್ಕ ಇಷ್ಟು ಸಲೀಸಾಗಿ ಕೂತದ್ದು ನನ್ನ ಅದೃಷ್ಟ.

ಮೊದಲ ಎರಡು ವಾರ ದಂಡವಾಯಿತು. ಹಾಡು ಕೇಳುತ್ತಾ ಬೆರಳಾಡಿಸುವುದನ್ನು ಕಲಿತೆ. ಫೋನಿನಲ್ಲಿ ಸೆಕೆಂಡಿಗೆ 120 ಫ್ರೇಮಿನಂತೆ ಚಿತ್ರೀಕರಿಸಿ ನೋಡಿದರೆ ಪ್ರತಿ ಸ್ವರಕ್ಕೂ ಬೆರಳು ನಾಲ್ಕೈದು ಸಿನಿಮಾ ಫ್ರೇಮು ತಡ. ಕಿವಿಗೆ ಬಿದ್ದಮೇಲೆ ಬೆರಳು ಏಳುತ್ತಿತ್ತು, ತಡವಾಗದೆ ಇನ್ನೇನಾದೀತು! ಹಾಡು ನಿಲ್ಲಿಸಿದೆ. ಸೋಲೊವನ್ನು ಬಾಯಲ್ಲಿ ಹಾಡಿಕೊಳ್ಳುವಷ್ಟು ಗಟ್ಟಿಮಾಡಿಕೊಂಡು, ಒಳಗೇ ಹಾಡುತ್ತಾ ಬೆರಳಿಟ್ಟೆ. ಹಾಡು ಹಾಕಿಕೊಂಡು ನುಡಿಸುವ ಪ್ಲೇಬ್ಯಾಕ್ ಬಂದದ್ದು ಕೊನೆಯ ವಾರದಲ್ಲಿ.

ಆದರೆ ಸುಳ್ಳನ್ನು ಬಯಲು ಮಾಡುವುದು ಬೆರಳಲ್ಲ, ಕತ್ತು. ಬಿಡು ಕೊಳವೆಗೆ ಊದುವವನ ಕತ್ತಿನ ನರ ಏಳುವುದಿಲ್ಲ, ಐದು ಸೆಕೆಂಡಿಗೆ ಎದೆ ಖಾಲಿ. ಅದುರಿ ಸದ್ದು ಹೊಮ್ಮಿಸುವ ತೆಳು ಪಟ್ಟಿ, ಅಂದರೆ ರೀಡ್ ತೆಗೆದು ಊದಿ ನೋಡಿದೆ, ಹಾಗೇ ಆಯಿತು. ಮೌತ್‌ಪೀಸಿಗೆ ಬೆಂಡು ತುರುಕಿ ಪೂರ್ತಿ ಮುಚ್ಚಿದೆ. ಗಾಳಿಗೆ ದಾರಿಯಿಲ್ಲದೆ ಮುಖ ಕೆಂಪೇರಿ ಕಿವಿ ನೋಯತೊಡಗಿತು. ಬಾಯಗಲದ ತುದಿಗೆ ಬಟ್ಟೆ ತುಂಬಿದ್ದಂತೂ ದಡ್ಡತನ: ಸ್ಯಾಕ್ಸ್‌ನಲ್ಲಿ ಹೆಚ್ಚಿನ ಸ್ವರಗಳ ಸದ್ದು ಮೈಮೇಲಿನ ತೂತುಗಳಿಂದಲೇ ಹೊರಬೀಳುತ್ತದೆ. ಕೊನೆಗೆ ಫಲಿಸಿದ್ದು ಪಾತ್ರೆ ತಿಕ್ಕುವ ಸ್ಪಂಜು. ಕಡಲೆಕಾಳಿನಷ್ಟು ತುಂಡು ಕತ್ತರಿಸಿ, ಮೌತ್‌ಪೀಸಿನ ಒಳಗೆ ರೀಡಿನ ಬೆನ್ನಿಗೆ ತಾಗುವಂತೆ ಇಟ್ಟು, ರೀಡನ್ನು ಹಿಡಿದಿಡುವ ಲಿಗೇಚರ್ ಬಿಗಿದೆ. ರೀಡ್ ಅದುರುವುದಿಲ್ಲ, ಗಾಳಿ ತಡೆದು ತಡೆದು ಹೋಗುತ್ತದೆ, ಕತ್ತಿನ ನರ ತಾನಾಗಿ ಏಳುತ್ತದೆ. ತುಂಡು ದೊಡ್ಡದಾದರೆ ಉಸಿರು ಕಟ್ಟುತ್ತದೆ, ಚಿಕ್ಕದಾದರೆ ನಡುವೆ ಕೀಚ್ ಎನ್ನುತ್ತದೆ. ಎಂಜಲಿಗೆ ನೆನೆದು ಊದಿಕೊಳ್ಳುವುದರಿಂದ ನಾಲ್ಕೈದು ಟೇಕಿಗೊಮ್ಮೆ ಬದಲಿಸಲೇಬೇಕು. ಚಿತ್ರೀಕರಣದ ಜೊತೆಗೇ ಸದ್ದನ್ನೂ ಮುದ್ರಿಸುವ ಸಿಂಕ್ ಸೌಂಡ್ ಚಿತ್ರವಾದ್ದರಿಂದ ಈ ಮೌನಕ್ಕೆ ಬೆಲೆ ಹೆಚ್ಚು. ಆಮೇಲೆ ಉಳಿದದ್ದು ಬೆರಳಿನಿಂದ ಒತ್ತುವ ಕೀಲಿಗಳ ಟಕಟಕ. ಅದನ್ನೂ ಅಡಗಿಸಿದೆ, ಹೇಗೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸೋಲೊದಲ್ಲಿ ಮೂಲ ವಾದಕ ಒಂಬತ್ತು ಕಡೆ ಉಸಿರೆಳೆದಿದ್ದ. ಅರ್ಧ ವೇಗದಲ್ಲಿ ಕೇಳಿ ಒಂಬತ್ತನ್ನೂ ಗುರುತು ಹಾಕಿಕೊಂಡೆ. ಬಾಯಿಯ ಅಂಚಿನಿಂದ ಚುರುಕಾಗಿ ಎಳೆಯಬೇಕು, ಭುಜ ಏಳಕೂಡದು, ಮೇಲಿನ ಹಲ್ಲು ಮೌತ್‌ಪೀಸು ಬಿಡಕೂಡದು. ಈ ಒಂಬತ್ತು ಸರಿಯಾದರೆ ನಡುವೆ ಒಂದೆರಡು ಬೆರಳು ತಪ್ಪಿದರೂ ನೋಡುವವರು ನಂಬುತ್ತಾರೆ.

ಸೆಟ್ಟಿನಲ್ಲಿ ಸ್ಪೀಕರ್ ಎಲ್ಲಿದೆ ನೋಡಿಕೊಳ್ಳಿ. ಸುಮಾರು 14 ಮೀಟರ್ ದೂರದಲ್ಲಿದ್ದರೆ ಸದ್ದು ನಿಮ್ಮನ್ನು ಮುಟ್ಟುವಷ್ಟರಲ್ಲಿ ಒಂದು ಫ್ರೇಮು ಹೋಯಿತು. ಕಾಲ ಬಳಿ ಒಂದು ಸಣ್ಣ ಸ್ಪೀಕರ್ ಕೇಳಿ ಪಡೆಯಿರಿ. ಸ್ಲೋಮೋಷನ್ನಿಗೆ 48 ಫ್ರೇಮು ಎಂದರೆ ಹಾಡು ಎರಡರಷ್ಟು ವೇಗದಲ್ಲಿ ಓಡುತ್ತದೆ. ಅದನ್ನೂ ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋಗಿ, ಅಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಖರ್ಚು: ಬ್ಯಾಂಡಿನವರ ಹಳೆಯ ಆಲ್ಟೊ ಒಂಬತ್ತು ಸಾವಿರ, ಕೊರಳಪಟ್ಟಿ ಮುನ್ನೂರೈವತ್ತು, ಸ್ಯಾಕ್ಸ್ ಕಲಿಸಿದ ಮೇಷ್ಟರಿಗೆ ಪಾಠಕ್ಕೆ ಐನೂರರಂತೆ ಹನ್ನೆರಡು ಪಾಠ. ಆಟೊ ಬಿಟ್ಟು ಹದಿನೈದೂವರೆ ಸಾವಿರ ಅನ್ನಿ. ಸಂಭಾವನೆ ದಿನಕ್ಕೆ ಐದು ಸಾವಿರದಂತೆ ನಾಲ್ಕು ದಿನ, ಕೈಗೆ ಬಂದದ್ದು ಮೂರು ತಿಂಗಳಿಗೆ. ವಾದ್ಯವನ್ನು ಬಾಡಿಗೆಗೆ ತರಬಹುದಿತ್ತು ಎಂದರು ಕೆಲವರು. ಬಾಡಿಗೆ ಸ್ಯಾಕ್ಸ್ ದಿನವಿಡೀ ಕೊರಳಲ್ಲಿರುವುದಿಲ್ಲ, ಬಲ ಹೆಬ್ಬೆರಳಲ್ಲಿ ಕೊಕ್ಕೆ ಒತ್ತಿದ ಗುರುತು ಮೂಡುವುದಿಲ್ಲ. ತೂತು ಮುಚ್ಚುವ ಪ್ಯಾಡ್ ಸೋರುವ ಹಳೇ ವಾದ್ಯ ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಸಣ್ಣ ಪಾತ್ರ ನಿಲ್ಲುವುದು ನುಡಿಸದೆ ಕೂತಿರುವ ಹೊತ್ತಿನಲ್ಲಿ. ಮಾತಾಡುತ್ತಲೇ ರೀಡನ್ನು ತುಟಿಯಲ್ಲಿಟ್ಟು ನೆನೆಸುವುದು, ವಾದ್ಯದ ಕೊರಳ ಭಾಗ ಬಿಚ್ಚಿ ನೀರು ಕೊಡವುವುದು, ಕೆಳತುಟಿಯ ಒಳಗಿನ ಹಲ್ಲಿನ ಗಾಯವನ್ನು ನಾಲಿಗೆಯಿಂದ ಮುಟ್ಟಿಕೊಳ್ಳುವುದು. ಇವೆಲ್ಲ ಮೇಷ್ಟರನ್ನು ನೋಡಿ ಕದ್ದವು. 1980ರ ಬ್ರಿಟಿಷ್ ಚಿತ್ರ 'ಬ್ರೇಕಿಂಗ್ ಗ್ಲಾಸ್'ನಲ್ಲಿ ಸಿನಿಮಾಕ್ಕೆ ಆಗಿನ್ನೂ ಹೊಸಬರಾಗಿದ್ದ ಜೊನಾಥನ್ ಪ್ರೈಸ್, ಹೆರಾಯಿನ್ ಚಟದ ಸ್ಯಾಕ್ಸ್ ವಾದಕನಾಗಿದ್ದಾರೆ. 'ವಿಲ್ ಯು' ಹಾಡಿನ ಆ ಸೋಲೊ ನುಡಿಸಿದವರು ವೆಸ್ಲಿ ಮಗೂಗನ್. ಮುಖ ಒಬ್ಬರದು, ಉಸಿರು ಇನ್ನೊಬ್ಬರದು. ಸದ್ದು ಮುಚ್ಚಿ ಅದನ್ನು ಎಷ್ಟು ಸಲ ನೋಡಿದೆನೋ.

ನಡುವೆ ಕದ್ರಿ ಗೋಪಾಲನಾಥರ ಹುಚ್ಚು ಹಿಡಿದು, ಗಮಕ ಬರುವಾಗ ತುಟಿ, ದವಡೆ ಹೇಗೆ ಚಲಿಸುತ್ತವೆಂದು ನೋಡುತ್ತಾ ನಾಲ್ಕು ದಿನ ಕಳೆದೆ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದವರು ಅವರು. ದವಡೆಯ ಆ ಮೆಲು ಚಲನೆಯನ್ನು ಸೋಲೊದ ಕೊನೆಯ ದೀರ್ಘ ಸ್ವರಕ್ಕೆ ಸೇರಿಸಿದೆ. ಎಡಿಟಿಂಗಿನಲ್ಲಿ ಆ ಶಾಟನ್ನು ಎಲ್ಲೂ ಕತ್ತರಿಸದೆ ಉಳಿಸಿಕೊಂಡಿದ್ದಾರೆ.