ನೂರಕ್ಕೆ ಐವತ್ನಾಲ್ಕು: ನಾಟಿಕಲ್ ಮೈಲಿನ ತಲೆಲೆಕ್ಕ

ಮೊದಲ ಸಲ ದುಡ್ಡು ಹೋಗಿದ್ದು 1.6ರಿಂದ. ಮೈಲು ಅಂದಕೂಡಲೇ 1.6ರಿಂದ ಗುಣಿಸುವುದು ನನಗೆ ಲಾರಿ ಓಡಿಸಿದ ದಿನಗಳ ಚಾಳಿ. 30 ನಾಟಿಕಲ್ ಮೈಲನ್ನು, ಅಂದರೆ ಸಮುದ್ರದ ಮೈಲನ್ನು, 48 ಕಿಲೋಮೀಟರ್ ಅಂದುಕೊಂಡು ಬೋಟಿಗೆ ಡೀಸೆಲ್ ತುಂಬಿಸಿದೆ. ನಿಜಕ್ಕೂ ಅದು 55.56. ಹೋಗಿಬರುವಷ್ಟರಲ್ಲಿ ಸುಮಾರು 15 ಕಿಲೋಮೀಟರಿನ ಎಣ್ಣೆ ಕಡಿಮೆ ಬಿತ್ತು. ಎಳೆದು ತಂದ ಬೋಟಿನ ಡೀಸೆಲ್ಲೂ ನನ್ನ ತಲೆಗೇ ಬಂತು, ಜೊತೆಗೆ ವರ್ಷವಿಡೀ ಗೇಲಿ.

ಆಮೇಲೆ "ದುಪ್ಪಟ್ಟು ಮಾಡಿ ಹತ್ತರಲ್ಲೊಂದು ಕಳೆ" ಅನ್ನುವ ಲೆಕ್ಕ ಹಿಡಿದೆ. ಹತ್ತಿರಕ್ಕೆ ಸರಿ, ಆದರೆ 100 ಮೈಲಿಗೆ 5 ಕಿಲೋಮೀಟರ್ ನುಂಗುತ್ತದೆ.

ಗಂಟು ಬಿಚ್ಚಿದ್ದು 54. ಮೀಟರನ್ನು ಮೊದಲು ಅಳೆದದ್ದೇ ಧ್ರುವದಿಂದ ಸಮಭಾಜಕದವರೆಗಿನ ದೂರ 10,000 ಕಿಲೋಮೀಟರ್ ಆಗಲಿ ಅಂತ. ಅದೇ ದೂರ 90 ಡಿಗ್ರಿ, ಡಿಗ್ರಿಗೆ 60ರಂತೆ 5,400 ನಿಮಿಷ (ಕೋನದ ನಿಮಿಷ, ಗಡಿಯಾರದ್ದಲ್ಲ). ನಿಮಿಷಕ್ಕೊಂದು ನಾಟಿಕಲ್ ಮೈಲು. ಹಾಗಾಗಿ 100 ಕಿಲೋಮೀಟರಿಗೆ 54. ಅರ್ಧ ಮಾಡು, ಮೂಲ ಸಂಖ್ಯೆಯ ನೂರಕ್ಕೆ ನಾಲ್ಕು ಸೇರಿಸು, ಮುಗಿಯಿತು. 46 ಕಿಲೋಮೀಟರ್? 23, ಅದಕ್ಕೆ 1.84: 24.84. 1929ರಲ್ಲಿ ಮೊನಾಕೊದಲ್ಲಿ ಗೊತ್ತುಮಾಡಿದ 1,852 ಮೀಟರಿನ ನಾಟಿಕಲ್ ಮೈಲಿನ ಜೊತೆ ತಾಳೆ ನೋಡಿದೆ: 100 ಕಿಲೋಮೀಟರಿಗೆ ತಪ್ಪು ಬರೀ 8 ಮೀಟರ್! ಮೊಬೈಲ್ ಇದ್ದೂ ಇದೆಲ್ಲ ಯಾಕೆ ಅಂದವರ ಮೊಬೈಲ್ ಒದ್ದೆಯಾದ ದಿನ ನಾನು ಸುಮ್ಮನೆ ಕೂತಿದ್ದೆ, ಅವರೇ ಕೇಳಿದರು.

ನಾಟಿಕಲ್ ಮೈಲನ್ನು ವಾಪಸ್ ಕಿಲೋಮೀಟರಿಗೆ ತರುವ ಲೆಕ್ಕಕ್ಕೆ ನನ್ನದೊಂದು ಅಡ್ಡದಾರಿ ಇದೆ. ದುಪ್ಪಟ್ಟು ಮಾಡು, ಮೂಲ ಸಂಖ್ಯೆಯ ನೂರಕ್ಕೆ 15 ಕಳೆ, ಇಷ್ಟೇ.

ಚಾರ್ಟಿನಲ್ಲೂ, ಅಂದರೆ ಸಮುದ್ರದ ನಕ್ಷೆಯಲ್ಲೂ, ಒಮ್ಮೆ ಎಡವಿದೆ. ದೂರ ಅಳೆಯುವ ಎರಡು ಮುಳ್ಳಿನ ಡಿವೈಡರನ್ನು ಕೆಳಗಿನ ರೇಖಾಂಶದ ಅಂಚಿಗೆ ಹಿಡಿದು ಅಳೆದಿದ್ದೆ. 60 ಡಿಗ್ರಿ ಅಕ್ಷಾಂಶದಲ್ಲಿ ಹಾಗೆ ಮಾಡಿದರೆ ದೂರ ದುಪ್ಪಟ್ಟು ಕಾಣುತ್ತದೆ. ಅಳೆಯಬೇಕಾದದ್ದು ಪಕ್ಕದ ಅಕ್ಷಾಂಶದ ಅಂಚಿನಲ್ಲಿ, ಅದೂ ನಾವಿರುವ ಅಕ್ಷಾಂಶದ ನೇರಕ್ಕೇ.

ಇನ್ನೊಂದು ಹುಚ್ಚು: ಹಗ್ಗಕ್ಕೆ 5.14 ಮೀಟರಿಗೊಂದು ಗಂಟು ಹಾಕಿ, ತುದಿಗೆ ಹಲಗೆ ಕಟ್ಟಿ ಬಿಟ್ಟು, 10 ಸೆಕೆಂಡ್ ಎಣಿಸಿದೆ. ಎಷ್ಟು ಗಂಟು ಕೈ ದಾಟಿತೋ ಅಷ್ಟು ನಾಟ್, ಅಂದರೆ ಗಂಟೆಗೆ ಅಷ್ಟು ನಾಟಿಕಲ್ ಮೈಲು. ಹಗ್ಗ ಐದೂವರೆ ಅಂದಿತು, ಜಿಪಿಎಸ್ ಆರರ ಮೇಲೆ ತೋರಿಸಿತು. ಎರಡು ದಿನ ಹಗ್ಗವನ್ನೇ ಬೈದು ಗಂಟುಗಳನ್ನು ಮತ್ತೆ ಅಳೆದೆ. ಹಗ್ಗದ ತಪ್ಪೇನಿರಲಿಲ್ಲ. ಅದು ಹೇಳಿದ್ದು ಸುತ್ತಲಿನ ನೀರಿಗೆ ಹೋಲಿಸಿದ ವೇಗ, ಜಿಪಿಎಸ್ ಹೇಳಿದ್ದು ನೆಲಕ್ಕೆ ಹೋಲಿಸಿದ್ದು. ಉಳಿದ ಅರ್ಧ ಚಿಲ್ಲರೆ ನಾಟ್ ಹಿಂದಿನಿಂದ ತಳ್ಳುತ್ತಿದ್ದ ನೀರಿನ ಹರಿವಿನದು.

ಎಲ್ಲರಿಗಿಂತ ಜೋರಾಗಿ ನಕ್ಕಿದ್ದವನ ಡೀಸೆಲ್ ಪುಸ್ತಕದ ರಟ್ಟಿನ ಮೇಲೆ ಈಗ 54 ಅಂತ ದಪ್ಪಗೆ ಬರೆದಿದೆ. ಏನಿದು ಅಂದರೆ, ಯಾವುದೋ ಹಳೇ ಬಾಕಿ ಅನ್ನುತ್ತಾನೆ.