ಮಲೆನಾಡಿನ ಕೇರಿಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯ ಮಾತು: ಆರೋಗ್ಯ ಕಾರ್ಯಕರ್ತರಿಗೆ ಕೈಪಿಡಿ

ಶಿವಮೊಗ್ಗ ಜಿಲ್ಲೆಯ ಹಸಲರ ಕೇರಿಗಳಿಗೆ, ಹಕ್ಕಿಪಿಕ್ಕಿ ಕ್ಯಾಂಪುಗಳಿಗೆ, ಚಿಕ್ಕಮಗಳೂರು ಕಡೆಯ ಮಲೆಕುಡಿಯರ ಒಂಟಿಮನೆಗಳಿಗೆ ಹೋಗಿಬರುವ ಆಶಾ ಕಾರ್ಯಕರ್ತೆಯರಿಗೂ ಸಮುದಾಯ ಆರೋಗ್ಯ ಅಧಿಕಾರಿಗಳಿಗೂ ನೆರವಾಗಲೆಂದು ಇದನ್ನು ಬರೆಯಲಾಗಿದೆ. ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ನಡೆಯುತ್ತದೆ; ದೊಡ್ಡ ಕರುಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಈ ಕಾಯಿಲೆಯ ವಿಷಯದಲ್ಲಿ ಯಾರನ್ನು ವೈದ್ಯರ ಬಳಿಗೆ ಕಳುಹಿಸಬೇಕು, ಹೇಗೆ ಒಪ್ಪಿಸಬೇಕು ಎಂಬುದು ಬಹುಮಟ್ಟಿಗೆ ಮನೆಬಾಗಿಲಿಗೆ ಹೋಗುವವರ ಮಾತಿನ ಮೇಲೆಯೇ ನಿಂತಿದೆ.

ಮೊದಲು ಕಾಯಿಲೆಯ ವಿಚಾರ ನಿಮಗೆ ಸ್ಪಷ್ಟವಾಗಿರಬೇಕು. ದೊಡ್ಡ ಕರುಳಿನ ಬಹುತೇಕ ಕ್ಯಾನ್ಸರುಗಳು ಕರುಳಿನ ಒಳಗೋಡೆಯಲ್ಲಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಆರಂಭವಾಗುತ್ತವೆ, ಮತ್ತು ಆ ಗಂಟು ಕ್ಯಾನ್ಸರಾಗಿ ಬದಲಾಗಲು ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಈ ದೀರ್ಘ ಅವಧಿಯಲ್ಲಿ ಗಂಟಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿ ಸೇರಬಹುದು. ಫಿಟ್ ಎಂಬ ಮಲಪರೀಕ್ಷೆ ಹುಡುಕುವುದು ಈ ರಕ್ತವನ್ನೇ. ಇದು ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುವುದರಿಂದ ಪರೀಕ್ಷೆಗಾಗಿ ಮಾಂಸ, ಮೀನು ಬಿಡಬೇಕಾಗಿಲ್ಲ. ರಕ್ತವಿದೆ ಎಂದು ಬಂದರೆ ಕ್ಯಾನ್ಸರ್ ಇದೆ ಎಂದರ್ಥವಲ್ಲ, ಮೂಲವ್ಯಾಧಿಯಿಂದಲೂ ಹುಣ್ಣಿನಿಂದಲೂ ಹಾಗಾಗಬಹುದು. ಆದರೆ ಕಾರಣ ತಿಳಿಯಲು ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ತೆಳು ಕೊಳವೆ ಹಾಯಿಸಿ ಕರುಳಿನ ಒಳಗನ್ನು ನೋಡುವ ಪರೀಕ್ಷೆ, ಮಾಡಿಸಲೇಬೇಕು. ಗಂಟು ಸಿಕ್ಕರೆ ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿಯೇ ತೆಗೆದುಬಿಡುತ್ತಾರೆ.

ಈ ಮಾತಿಗೆ ಹತ್ತು ಜನ ಸೇರಿದ ಸಭೆ ಸಲ್ಲದು. ಮಲದ ವಿಷಯವನ್ನು ಅಳಿಯನ ಎದುರು ಅತ್ತೆ, ಸೊಸೆಯ ಎದುರು ಮಾವ ಮಾತನಾಡುವುದಿಲ್ಲ, ಕೆಲಸ ಕೊಡುವ ತೋಟದ ಒಡೆಯರ ಅಂಗಳದಲ್ಲಂತೂ ಯಾರೂ ಬಾಯಿ ಬಿಡುವುದಿಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕುಳಿತು ಸಾಮಾನ್ಯ ತಿಳಿವಳಿಕೆಯನ್ನು ಹೇಳಬಹುದು, ಆದರೆ ಒಬ್ಬೊಬ್ಬರ ಪ್ರಶ್ನೆಯನ್ನು ಅಲ್ಲಿ ಕೇಳಬಾರದು. ಗಂಡಸರನ್ನು ಗಂಡಸರು, ಹೆಂಗಸರನ್ನು ಹೆಂಗಸರು ಕೇಳುವಂತೆ ನೋಡಿಕೊಳ್ಳಿ. ಹಕ್ಕಿಪಿಕ್ಕಿ ಜನರ ಮನೆಮಾತು ವಾಗ್ರಿ. ಹಿರಿಯರಿಗೆ ಕನ್ನಡ ಸಲೀಸಲ್ಲದಿದ್ದರೆ ಅವರದೇ ಕ್ಯಾಂಪಿನ, ಅವರೇ ಒಪ್ಪಿದ ವಯಸ್ಕರೊಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕೇ ಹೊರತು ಶಾಲೆಗೆ ಹೋಗುವ ಮೊಮ್ಮಗಳ ಬಾಯಿಂದ ಅಜ್ಜನ ಕರುಳಿನ ಸಮಾಚಾರ ಕೇಳಿಸಬಾರದು.

ಕೇಳುವಾಗ ಕ್ಯಾನ್ಸರ್ ಎಂಬ ಹೆಸರಿನಿಂದ ಆರಂಭಿಸಬೇಡಿ, ಹಾಗೆಂದು ಕೊನೆಯವರೆಗೂ ಅದನ್ನು ಮುಚ್ಚಿಡಲೂ ಬೇಡಿ. "ಅಣ್ಣ, ಹೊರಕಡೆ ಹೋಗುವಾಗ ರಕ್ತ ಕಂಡದ್ದುಂಟಾ? ಮೊದಲಿನ ಹಾಗೆ ಸರಿಯಾಗಿ ಆಗ್ತದಾ, ಇಲ್ಲಾ ಈಚೆಗೆ ಏನಾದರೂ ವ್ಯತ್ಯಾಸ ಆಗಿದೆಯಾ?" ಎಂದು ಕೇಳಿದರೆ ಉತ್ತರ ಬರುತ್ತದೆ. ಹೆಂಗಸರಲ್ಲಿ ರಕ್ತದ ಮಾತು ಬಂದಾಗ ಅವರು ಮುಟ್ಟಿನದೆಂದು ತಿಳಿಯಬಹುದು. ಯಾವುದೆಂದು ಬಿಡಿಸಿ ಕೇಳಿ. ಕಾರಣವಿಲ್ಲದೆ ತೂಕ ಇಳಿದಿದೆಯೇ, ಹೊಟ್ಟೆನೋವು ಬಿಡದೆ ಕಾಡುತ್ತಿದೆಯೇ, ಅಪ್ಪ ಅಮ್ಮ ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ ಎಂಬುದನ್ನೂ ತಿಳಿದುಕೊಳ್ಳಿ.

ಇಲ್ಲಿ ನಮ್ಮ ಕಡೆಯ ಒಂದು ದೊಡ್ಡ ತೊಡಕಿದೆ. ಮಲದಲ್ಲಿ ಕಂಡ ರಕ್ತವನ್ನೆಲ್ಲ ಮೂಲವ್ಯಾಧಿ ಎಂದೇ ಕರೆದು ನಾಟಿ ಔಷಧಿ ಮಾಡಿಕೊಂಡು ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ. ಔಷಧಿ ಕೊಟ್ಟ ಹಿರಿಯರನ್ನು ಹೀಯಾಳಿಸಿದರೆ ಆ ಮನೆಯ ಬಾಗಿಲು ನಿಮಗೆ ಮುಚ್ಚಿತೆಂದೇ ತಿಳಿಯಿರಿ. ಸಾಧ್ಯವಾದರೆ ಅವರನ್ನೇ ಮೊದಲು ಭೇಟಿಯಾಗಿ, ನಲವತ್ತೈದು ಐವತ್ತು ದಾಟಿದವರಿಗೆ ರಕ್ತ ಬಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ ಬರಲು ನೀವೂ ಹೇಳಿ ಎಂದು ಕೇಳಿಕೊಳ್ಳಿ. ಇನ್ನೊಂದು ತೊಡಕು ರಕ್ತಹೀನತೆಯದು. ಕಬ್ಬಿಣದ ಮಾತ್ರೆ ನುಂಗುವವರ ಮಲ ಕಪ್ಪಾಗುತ್ತದೆ, ಅದು ರಕ್ತವಲ್ಲ. ಆದರೆ ಮುಟ್ಟು ನಿಂತ ಹೆಂಗಸಿಗೆ ಅಥವಾ ವಯಸ್ಸಾದ ಗಂಡಸಿಗೆ ಕಬ್ಬಿಣದ ಕೊರತೆ ಏಕೆ ಬಂತು ಎಂದು ಕೇಳದೆ ಮಾತ್ರೆ ಮಾತ್ರ ಕೊಡುತ್ತಾ ಹೋಗುವುದು ಸರಿಯಲ್ಲ. ಕೊಕ್ಕೆಹುಳು ಕಾರಣವಾಗಿರಬಹುದು, ಕರುಳಿನ ಗಂಟೂ ಇರಬಹುದು. ಡಿಸೆಂಬರಿನಿಂದ ಮೇ ವರೆಗೆ ಕಾಡಿಗೆ ಹೋಗಿಬಂದವರಲ್ಲಿ ಜ್ವರದ ಜೊತೆ ರಕ್ತ ಕಂಡರೆ ಮೊದಲು ಮಂಗನ ಕಾಯಿಲೆಯ ಬಗ್ಗೆ ಯೋಚಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ಕಾಯಿಲೆಗೆ ಅದೇ ದಿನ ಆಸ್ಪತ್ರೆ ಬೇಕು.

ಕಣ್ಣಿಗೆ ಕಾಣುವ ರಕ್ತವಿದ್ದರೆ ಮಲಪರೀಕ್ಷೆಯ ಫಲಿತಾಂಶ ಕಾಯುತ್ತಾ ಕೂರದೆ ನೇರವಾಗಿ ವೈದ್ಯರ ಬಳಿಗೆ ಕರೆದೊಯ್ಯಿರಿ. ಲಕ್ಷಣವಿಲ್ಲದವರಿಗೆ ವೈದ್ಯರು ಪರೀಕ್ಷೆ ಬರೆದುಕೊಟ್ಟಾಗ ಡಬ್ಬಿಯನ್ನು ನೀವೇ ಕೈಯಾರೆ ಕೊಟ್ಟು ತೋರಿಸಿ. ಆಸ್ಟ್ರೇಲಿಯಾದಲ್ಲಿ 2006ರಿಂದ ಸರಕಾರವೇ ಈ ಪರೀಕ್ಷೆಯ ಕಿಟ್ಟನ್ನು ಅಂಚೆಯಲ್ಲಿ ಮನೆಗೆ ಉಚಿತವಾಗಿ ಕಳುಹಿಸುತ್ತಿದೆ. ಆದರೂ ಮೂಲನಿವಾಸಿಗಳು ಅದನ್ನು ಬಳಸುವುದು ಕಡಿಮೆ ಎಂದು ಕಂಡ ಮೇಲೆ, ಪರಿಚಯದ ಆರೋಗ್ಯ ಕಾರ್ಯಕರ್ತರೇ ಕಿಟ್ ಕೊಟ್ಟು ವಿವರಿಸುವ ದಾರಿಯನ್ನೂ ತೆರೆದರು. ನಮಗೂ ಒಪ್ಪುವ ಕ್ರಮವಿದು. ಬಯಲಿಗೆ ಹೋಗುವವರಾದರೆ ಅಗಲವಾದ ಎಲೆಯನ್ನೋ ಕಾಗದವನ್ನೋ ಹಾಸಿ, ಮಣ್ಣು ನೀರು ತಾಗದಂತೆ ಕಡ್ಡಿಯಿಂದ ಸ್ವಲ್ಪವೇ ತೆಗೆದುಕೊಳ್ಳಬೇಕೆಂದು ಹೇಳಿ. ಡಬ್ಬಿಯನ್ನು ಬಿಸಿಲಿನಲ್ಲಿಡಬಾರದು, ಯಾವ ದಿನ ಬಂದು ಒಯ್ಯುತ್ತೀರೆಂದು ಮೊದಲೇ ತಿಳಿಸಿ, ಆ ದಿನ ತಪ್ಪಿಸಬೇಡಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ರಕ್ತವಿದೆ ಎಂದು ಬಂದರೆ ಮುಂದೇನು ಎಂಬುದು ನಿಮ್ಮ ಕೈಯಲ್ಲಿ ಸಿದ್ಧವಿಲ್ಲದೆ ಡಬ್ಬಿ ಕೊಡಬಾರದು. ಭಯವನ್ನು ಮಾತ್ರ ಮನೆಗೆ ತಲುಪಿಸಿ ದಾರಿ ತೋರಿಸದೆ ಬರುವುದು ಅನ್ಯಾಯ. ಕೊಲೊನೋಸ್ಕೋಪಿ ಎಲ್ಲಿ, ಯಾವ ವಾರ ಮಾಡುತ್ತಾರೆ ಎಂಬುದನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ಕಾರ್ಡು, ಆಧಾರ್ ಮತ್ತು ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಸರಿಯಿವೆಯೇ ಎಂದು ನೋಡಿ. ಪರೀಕ್ಷೆಯ ಹಿಂದಿನ ದಿನ ಭೇದಿಯ ಔಷಧಿ ಕುಡಿದು ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಕಕ್ಕಸು ಇಲ್ಲದ ಮನೆಯ ಅರವತ್ತರ ಅಜ್ಜಿ ಜುಲೈ ತಿಂಗಳ ಮಳೆಯ ರಾತ್ರಿ ಟಾರ್ಚು ಹಿಡಿದು ಜಾರುವ ದರೆ ಹತ್ತಿಳಿಯುವುದು ಸಾಧ್ಯವೇ? ಅಂಥವರಿಗೆ ಹಿಂದಿನ ದಿನವೇ ಊರಿನ ನೆಂಟರ ಮನೆಯಲ್ಲೋ ಆಸ್ಪತ್ರೆಯಲ್ಲೋ ಉಳಿಯುವ ಏರ್ಪಾಡು ಬೇಕು. ಮಂಪರಿನ ಔಷಧಿ ಕೊಡುವುದರಿಂದ ಜೊತೆಗೊಬ್ಬರು ಇರಲೇಬೇಕು. ಅಂದರೆ ಇಬ್ಬರ ಎರಡು ದಿನದ ಕೂಲಿ ಹೋಗುತ್ತದೆ. ಇದನ್ನು ಮರೆಮಾಚದೆ ಹೇಳಿ, ತುರ್ತಿಲ್ಲದಿದ್ದರೆ ಕೊಯ್ಲಿನ ಒತ್ತಡವಿಲ್ಲದ ದಿನವನ್ನು ಅವರೊಂದಿಗೇ ಕುಳಿತು ಗೊತ್ತುಮಾಡಿ.

ಬೇಡ ಎಂದವರನ್ನು ಒತ್ತಾಯಿಸಬೇಡಿ. ಇನ್ನೊಮ್ಮೆ ಬಂದು ಕೇಳಬಹುದೇ ಎಂದಷ್ಟೇ ಕೇಳಿ. ಫಲಿತಾಂಶವನ್ನು ಪಕ್ಕದ ಮನೆಯವರ ಫೋನಿಗೆ ಹೇಳದೆ ಖುದ್ದಾಗಿ ಹೋಗಿ ತಿಳಿಸಿ. ರಕ್ತವಿಲ್ಲ ಎಂದು ಬಂದವರಿಗೂ, ಮುಂದೆ ಲಕ್ಷಣ ಕಂಡರೆ ಈ ಕಾಗದವನ್ನು ನಂಬಿ ಕೂರಬಾರದೆಂದು ಹೇಳಿ. ಗಂಟು ತೆಗೆಸಿಕೊಂಡವರ ವರದಿಯ ಒಂದು ಪ್ರತಿಯನ್ನು ಉಪಕೇಂದ್ರದಲ್ಲಿ ಇಟ್ಟುಕೊಂಡು, ವೈದ್ಯರು ಹೇಳಿದ ಮುಂದಿನ ತಪಾಸಣೆಯ ವರ್ಷವನ್ನು ನಿಮ್ಮ ಡೈರಿಯಲ್ಲಿ ಬರೆದಿಡಿ, ನಿಮಗೆ ವರ್ಗವಾದರೆ ನಿಮ್ಮ ಜಾಗಕ್ಕೆ ಬರುವವರಿಗೆ ಅದನ್ನು ಒಪ್ಪಿಸಿ ಹೋಗಿ.