ಸೀಟಿನ ಟೆನ್ಶನ್ ಇರುವ ಮನೆಯವರಿಗೆ

ಕಳೆದ ವರ್ಷ ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಆನ್‌ಲೈನ್ ತುಂಬುವುದು) ಹೊತ್ತಿಗೆ ಮಗಳು ರಾತ್ರಿ 1 ಗಂಟೆಗೂ ಮೊಬೈಲ್ ಹಿಡಿದು ಕೂತಿರುತ್ತಿದ್ದಳು. ಗಂಜಿ ಬಟ್ಟಲಲ್ಲೇ ಆರುತ್ತಿತ್ತು. ಕೊನೆಗೆ ಹಳೆ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ಪಟ್ಟಿ ಮಾಡಿದೆವು. ನಿಜವಾಗಿ ಇಷ್ಟವಿದ್ದ ಕಾಲೇಜು ಮೇಲೆ, ಸಿಗಬಹುದು ಅನ್ನಿಸಿದ್ದು ಕೆಳಗೆ. ಕಂಪ್ಯೂಟರ್ ಮುಂದೆ ಕೂತದ್ದು ಆಮೇಲೆ. ಅರ್ಧ ತಲೆಬಿಸಿ ಅಲ್ಲೇ ಇಳಿಯಿತು.

ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ನೋಡಿ ಅಳಬೇಡಿ, ಅದು ನಿಜವಾದ ಸೀಟಲ್ಲ ಅಲ್ವಾ? ಆಮೇಲೂ ಕ್ರಮ ಬದಲಿಸಲು ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅವಕಾಶ ಕೊಡುತ್ತದೆ.

ಸಂಜೆ ಮಳೆ ಬಿಟ್ಟರೆ ಪಣಂಬೂರು ಬೀಚಿಗೆ ಒಂದು ಸುತ್ತು, ನೀರಿಗಿಳಿಯದೆ, ಸೀಟಿನ ಮಾತೆತ್ತದೆ. "ರ‍್ಯಾಂಕ್ ಎಷ್ಟು?" ಅನ್ನುವ ನೆಂಟರ ಫೋನ್ ನಾನೇ ತೆಗೆಯುತ್ತಿದ್ದೆ. ಮಕ್ಕಳು ಊಟ, ನಿದ್ದೆ ಪೂರ್ತಿ ಬಿಟ್ಟರೆ ಸುಮ್ನೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.